ಹಾನಗಲ್ಲಿಗೆ ಬಂದ ಇಬ್ಬರು ಸಾಕ್ಷಿಗಳು

ನಿಂಗಪ್ಪ ನನ್ನ ಮೇಲಿನ ಮರುಕದಿಂದ ನನ್ನ ಹೊಲ ಉಳಿಸಲಿಲ್ಲ. ಚನ್ನವ್ವ ನನ್ನ ಮೇಲಿನ ಹಗೆಯಿಂದ ಅದನ್ನು ಕಳೆಯಲು ಹೋಗಲಿಲ್ಲ. ಅವನಿಗೆ ತನ್ನ ಬದು ಬೇಕಿತ್ತು. ಅವಳಿಗೆ ಸಾವ್ಕಾರನ ಸಿಟ್ಟಿಗಿಂತ ನನ್ನ ಸಿಟ್ಟು ಅಗ್ಗವಾಗಿ ಕಂಡಿತ್ತು. ನಡೆದದ್ದು ಇಷ್ಟೇ. ಊರಿನವರು ಇದಕ್ಕೆ ಬಣ್ಣ ಹಚ್ಚಿದ್ದಾರೆ. ನಿಂಗಪ್ಪ ನನ್ನನ್ನು ಒಡಹುಟ್ಟಿದ ತಂಗಿ ಎಂದು ತಿಳಿದು ಕಾಪಾಡಿದನಂತೆ, ಚನ್ನವ್ವ ಪಾಪ ಬಂಗಾರದಂಥವಳು, ಆ ಒಂದು ದಿನ ಅವಳ ಬುದ್ಧಿ ಕೆಟ್ಟಿತ್ತಂತೆ. ಇಬ್ಬರೂ ಈಗಿಲ್ಲ. ಇಲ್ಲದವರ ಹೆಸರಿನಲ್ಲಿ ಕಥೆ ಕಟ್ಟಿದರೆ ಕೇಳುವವರು ಯಾರು? ನಾನಿದ್ದೇನೆ. ಇದ್ದದ್ದನ್ನು ಬರೆಯುತ್ತೇನೆ.

ಮೊನ್ನೆ ಪಿಂಚಣಿಯ ಕಾಗದಕ್ಕೆಂದು ಹಾನಗಲ್ಲಿನ ಕಚೇರಿಗೆ ಹೋಗಿದ್ದೆ. ಹೊರಗೆ ಜಿಟಿಜಿಟಿ ಮಳೆ. ಪಡಸಾಲೆಯಲ್ಲಿ ಯಾರೋ ಒದ್ದೆ ಗೋಣಿಚೀಲ ಹೊದ್ದು ಕುಂತಿದ್ದರು. ಒಳಗೆ ಸಿಪಾಯಿಯೊಬ್ಬ ಲಕೋಟೆಗೆ ಅರಗು ಕಾಸಿ ಮುದ್ರೆ ಒತ್ತುತ್ತಿದ್ದ. ಒದ್ದೆ ಗೋಣಿಯ ವಾಸನೆ, ಸುಟ್ಟ ಅರಗಿನ ವಾಸನೆ ಎರಡೂ ಕೂಡಿ ಮೂಗಿಗೆ ಹೊಡೆದ ಕೂಡಲೇ, ಇದೇ ಕಚೇರಿಯಲ್ಲಿ ವಿಚಾರಣೆ ನಡೆದ ದಿನ ನೆನಪಾಗಿ ನನ್ನ ಕೈ ತಾನೇ ಮುಷ್ಟಿಯಾಯಿತು. ನಲವತ್ತು ವರ್ಷದ ಮೇಲಾಯಿತು, ಸಿಟ್ಟು ಇನ್ನೂ ಹಳಸಿಲ್ಲ.

ಆಗ ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಮ್ಮ ಊರು ಅಕ್ಕಿಆಲೂರಿನಿಂದ ತಿಳವಳ್ಳಿಗೆ ಹೋಗುವ ಕಡೆ, ಡಾಂಬರು ದಾರಿ ಬಿಟ್ಟು ಒಳಗೆ. ಅಲ್ಲಿ ನಾವು ಮಾಡುತ್ತಿದ್ದ ಮೂರೂವರೆ ಎಕರೆ ಭತ್ತದ ಹೊಲ ನಮ್ಮ ಹೆಸರಿನಲ್ಲಿರಲಿಲ್ಲ. ಅಕ್ಕಿಆಲೂರಿನಲ್ಲಿ ಅಕ್ಕಿ ಗಿರಣಿ ಇಟ್ಟಿದ್ದ ಒಬ್ಬ ಸಾವ್ಕಾರನದು. ನನ್ನ ಮಾವನ ಕಾಲದಿಂದಲೂ ನಮಗೆ ಲಾವಣಿಗೆ, ಅಂದರೆ ಗೇಣಿಗೆ, ಇತ್ತು. ಬೆಳೆ ಬಂದಾಗ ಇಂತಿಷ್ಟು ಚೀಲ ಭತ್ತ ಸಾವ್ಕಾರನ ಮನೆಗೆ ಹಾಕುವುದು, ಉಳಿದದ್ದು ತಿನ್ನುವುದು. ಕಾಗದವಿಲ್ಲ, ರಸೀದಿಯಿಲ್ಲ, ಎಲ್ಲ ಬಾಯಿಮಾತು. ನನ್ನ ಗಂಡ ತೀರಿಕೊಂಡ ಮೇಲೆ ಆರು ವರ್ಷ ನಾನೇ ಮಾಡಿದೆ. ಬಾಡಿಗೆ ಎತ್ತು ತಂದು ನೇಗಿಲು ಹೊಡೆಸಿದೆ, ಕೂರಿಗೆ ಹೂಡಿಸಿದೆ, ಬೀಜ ಕೈಯಾರೆ ಬಿಟ್ಟೆ, ಕಳೆ ತೆಗೆದೆ, ಕೊಯ್ದೆ, ಬಡಿದೆ, ತೂರಿದೆ. ಸಾವ್ಕಾರನ ಭತ್ತ ಒಂದು ವರ್ಷವೂ ಬಾಕಿ ಉಳಿಸಲಿಲ್ಲ.

ಉಳುವವರಿಗೇ ಹೊಲ ಎಂಬ ಕಾಯ್ದೆ ಬಂದು ಕೆಲವು ವರ್ಷವಾಗಿತ್ತು. ಅರ್ಜಿ ಕೊಟ್ಟವರನ್ನು ಹಾನಗಲ್ಲಿಗೆ ಕರೆಸಿ, ಸಾಹೇಬರು ಕೂತು ವಿಚಾರಣೆ ಮಾಡುತ್ತಿದ್ದರು. ನಮ್ಮ ಹೊಲದ ಪಹಣಿ ಉತಾರದಲ್ಲಿ ಸಾಗುವಳಿ ಮಾಡುವವನು ಎಂದು ಸಾವ್ಕಾರನ ಹೆಸರೇ ಇತ್ತು. ಗಿರಣಿಯ ಗಾದಿ ಬಿಟ್ಟು ಕೆಳಗಿಳಿಯದವನು ನಮ್ಮ ಹೊಲದಲ್ಲಿ ಸ್ವಂತ ಬೇಸಾಯ ಮಾಡುತ್ತಿದ್ದನಂತೆ! ಹೀಗಾಗಿ ನನಗೆ ಬೇಕಾದದ್ದು ಒಂದೇ. ಈ ಹೊಲ ಮಾಡುವವಳು ಇವಳೇ ಎಂದು ಸಾಹೇಬರ ಮುಂದೆ ಬಾಯಿಬಿಟ್ಟು ಹೇಳುವ ಒಬ್ಬ ಮನುಷ್ಯ. ಅದು ಸಿಕ್ಕರೆ ಹೊಲ ನನ್ನದು. ಸಿಗದಿದ್ದರೆ ನಾನೂ ನನ್ನ ಎಂಟು ವರ್ಷದ ಮಗಳೂ ಮರುದಿನದಿಂದ ಕಂಡವರ ಹೊಲಕ್ಕೆ ಕೂಲಿ.

ಆ ಮನುಷ್ಯ ಯಾರು ಎಂದು ನಾನು ಯೋಚಿಸಲೇ ಇಲ್ಲ. ಚನ್ನವ್ವ ಇದ್ದಳಲ್ಲ.

ಚನ್ನವ್ವನೂ ನಾನೂ ಶಿಗ್ಗಾವಿ ಕಡೆಯವರು, ಒಂದೇ ವರ್ಷ ಈ ಊರಿಗೆ ಸೊಸೆಯಂದಿರಾಗಿ ಬಂದವರು. ಊರು ಹೊಸದು, ಇಬ್ಬರ ಅತ್ತೆಯರೂ ಜೋರು. ಬಾವಿಯ ಕಟ್ಟೆಗೆ ಆತುಕೊಂಡು ಇಬ್ಬರೂ ಅತ್ತು ಅತ್ತು ಗೆಳತಿಯರಾದೆವು. ಅವಳ ಎರಡು ಹೆರಿಗೆಗೆ ನಾನು ನಿಂತೆ. ನನ್ನ ಗಂಡ ಸತ್ತಾಗ ನನ್ನನ್ನು ಹಿಡಿದು ಕುಂತವಳು ಅವಳು. ಮುಂಗಾರಿನಲ್ಲಿ ನಾವಿಬ್ಬರೂ ಮುಯ್ಯಿ ಮಾಡುತ್ತಿದ್ದೆವು. ನನ್ನ ಹೊಲದ ಕಳೆಗೆ ಅವಳು ಒಂದು ದಿನ ಬಂದರೆ ಅವಳ ಹೊಲದ ಕಳೆಗೆ ನಾನು ಒಂದು ದಿನ. ನನ್ನ ಹೊಲದ ಒಂದೊಂದು ಸಾಲೂ ಅವಳ ಕೈಗೆ ಗೊತ್ತು. ಅರ್ಜಿ ಕೊಡು ಎಂದು ನನಗೆ ಹೇಳಿದವಳೂ ಅವಳೇ.

"ಏ ದ್ಯಾಮಿ, ಎಲ್ಲಾರೂ ಅರ್ಜಿ ಕೊಟ್ಟು ಬರಾಕತ್ತಾರ. ನೀ ಯಾಕ ಬಾಯಿ ಮುಚ್ಕೊಂಡು ಕುಂತಿ?"

"ಕೊಟ್ಟರ ಸಾಕ್ಷಿ ಯಾರು ಹೇಳ್ತಾರ, ನಿಮ್ಮಪ್ಪನೇನು?"

"ನಮ್ಮಪ್ಪ ಯಾಕ, ನಾ ಸತ್ತೇನೇನು?"

ಅವಳ ಗಂಡ ಅದೇ ಸಾವ್ಕಾರನ ಗಿರಣಿಯಲ್ಲಿ ಚೀಲ ತೂಗುವ ಕೆಲಸಕ್ಕಿದ್ದ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ, ಸಾಕ್ಷಿ ಹೇಳಿದರೆ ಅವಳ ಮನೆಗೆ ಏನಾದೀತು ಎಂದು ಕೇಳಲಿಲ್ಲ. ಅದು ನನ್ನ ತಪ್ಪು. ಒಪ್ಪುತ್ತೇನೆ. ಒಪ್ಪಿದ್ದರಿಂದ ನನ್ನ ಸಿಟ್ಟೇನೂ ಕಡಿಮೆಯಾಗುವುದಿಲ್ಲ.

ಇನ್ನು ನಿಂಗಪ್ಪ. ನನ್ನ ಹೊಲದ ಮೂಡಣಕ್ಕೆ ಅವನ ಹೊಲ. ನನ್ನ ಗಂಡ ಬದುಕಿದ್ದಾಗ ಒಂದು ವರ್ಷ ಅಡ್ಡಮಳೆಗೆ ನಡುವಿನ ಬದು ಕಿತ್ತುಕೊಂಡು ಹೋಯಿತು. ನನ್ನ ಗಂಡ ಮತ್ತೆ ಕಟ್ಟಿದ. ನಿಂಗಪ್ಪ, ಅದನ್ನು ಒಂದು ಮೊಳ ತನ್ನ ಹೊಲದೊಳಕ್ಕೆ ಸರಿಸಿ ಕಟ್ಟಿದ್ದಾನೆ ಎಂದು ಜಗಳಕ್ಕೆ ಎದ್ದ. ಅಲ್ಲಿಂದ ಶುರುವಾಯಿತು. ಗಂಡ ಸತ್ತಾಗ ಹಿರಿಯರು ಅವನಿಗೆ, ಹೆಣ್ಣುಮಗಳು, ಇನ್ನು ಬಿಟ್ಟುಬಿಡು ಎಂದರು. ಬಿಟ್ಟ. ಎಷ್ಟು ದಿನ? ದಿನಕರ್ಮ ಮುಗಿದ ಮರುದಿನ ಹಗ್ಗ ಹಿಡಿದು ಅಳೆಯಲು ಬಂದ. ಆಮೇಲೆ ಪ್ರತಿ ಮುಂಗಾರಿಗೆ ಅವನು ನನ್ನ ಬದುವಿನ ಮಗ್ಗುಲು ಸಲಿಕೆಯಿಂದ ಕೆತ್ತುವುದು, ನಾನು ಮತ್ತೆ ಮಣ್ಣು ಒತ್ತುವುದು. ಅವನ ಬಾಯಿ ಕೆಟ್ಟದ್ದು. ನನ್ನದೇನು ಕಡಿಮೆಯಿರಲಿಲ್ಲ. ನಾವಿಬ್ಬರೂ ಬೈದಾಡುವುದನ್ನು ಕೇಳಲು ದಾರಿಯಲ್ಲಿ ಹೋಗುವ ಚಕ್ಕಡಿಗಳು ನಿಲ್ಲುತ್ತಿದ್ದವು. ಅವನ ಮನೆಯಲ್ಲಿ ಮದುವೆಯಾದರೆ ನನಗೆ ಕರೆಯಿಲ್ಲ, ನನ್ನ ಮನೆಯ ಹಬ್ಬಕ್ಕೆ ಅವನಿಗೆ ಹೋಳಿಗೆಯಿಲ್ಲ. ಬದುವಿನ ಬಗ್ಗೆ ಅವನು ಒಂದು ತಕರಾರು ಅರ್ಜಿ ಬರೆಸಿ ಊರ ಚಾವಡಿಯಲ್ಲಿ ಕೊಟ್ಟಿದ್ದ. ಮುದ್ರೆ ಹೊಡೆಸಿದ ಅದರ ನಕಲು ಯಾವಾಗಲೂ ಅವನ ಅಂಗಿಯ ಒಳಜೇಬಿನಲ್ಲಿ ಇರುತ್ತಿತ್ತು. ಊರಿಗೆ ಯಾವ ಅಧಿಕಾರಿ ಬಂದರೂ, ದನದ ಡಾಕ್ಟರೇ ಬರಲಿ, ಸಿಡುಬಿನ ಚುಚ್ಚುಮದ್ದಿನವನೇ ಬರಲಿ, ಅದನ್ನು ತೆಗೆದು ಮುಂದೆ ಹಿಡಿಯುತ್ತಿದ್ದ.

ಆ ವರ್ಷ ಮಳೆ ಚೆನ್ನಾಗಿ ಹಿಡಿದಿತ್ತು. ಪೈರು ಮೊಣಕಾಲಿಗೆ ಬಂದಿತ್ತು. ಚನ್ನವ್ವನೂ ನಾನೂ ಗೋಣಿಕೊಪ್ಪೆ ಹಾಕಿಕೊಂಡು ಕಳೆ ತೆಗೆಯುತ್ತಿದ್ದಾಗ ದಾರಿಯಲ್ಲಿ ಜೀಪು ನಿಂತಿತು. ಸಾವ್ಕಾರ ಛತ್ರಿ ಹಿಡಿದು, ಧೋತರ ಎತ್ತಿಕೊಂಡು, ಕೆಸರಿನಲ್ಲಿ ಕಾಲು ಎಲ್ಲಿ ಇಡಬೇಕೋ ತಿಳಿಯದೆ ಬಂದ. ಮೊದಲು ತಪ್ಪಿ ನಿಂಗಪ್ಪನ ಹೊಲಕ್ಕೆ ಇಳಿದು, ಅವನನ್ನು ಕೇಳಿಕೊಂಡು ನನ್ನ ಹೊಲಕ್ಕೆ ಬಂದ.

"ದ್ಯಾಮವ್ವ, ಅರ್ಜಿ ಹಿಂದಕ್ಕ ತಗೋ. ಮೊದಲಿನಂಗ ಮಾಡ್ಕೊಂಡು ತಿನ್ನು. ಇಲ್ಲಾಂದ್ರ ಈ ಪೈರು ಕೊಯ್ಯಾಕ ಬಿಡಂಗಿಲ್ಲ."

"ಬಿತ್ತಾಕ ಬಿಟ್ಟೀರಿ, ಕೊಯ್ಯಾಕ ಯಾಕ ಬಿಡಂಗಿಲ್ರಿ?"

"ಬಿತ್ತಿದಾಕಿ ನೀ ಅಂತ ಯಾರು ಹೇಳ್ತಾರ? ಹೆಣ್ಣು ಹೆಂಗಸು, ನೀ ಯಾವಾಗ ನೇಗಿಲ ಹಿಡದಿ? ನೀ ನನ್ನ ಕೂಲಿಯಾಕಿ. ಸಾಹೇಬರ ಮುಂದ ಹಂಗ ಹೇಳಸ್ತೇನಿ." ಛತ್ರಿಯ ತುದಿಯಿಂದ ಬದುವಿನ ಆಚೆ ತೋರಿಸಿದ. "ನಿನ್ನ ಬಾಜೂಕಿನಂವ ನನ್ನ ಸಾಕ್ಷಿ. ಅಂವ ನಿನ್ನ ಚಲೋ ಬಲ್ಲ, ಹೌದಲ್ಲ?"

ಅವನು ನಕ್ಕ. ಪಕ್ಕದಲ್ಲಿ ಚನ್ನವ್ವ ತಲೆ ಎತ್ತಲಿಲ್ಲ. ಬೇಗಬೇಗ ಕಳೆ ಕೀಳುತ್ತ ಮುಂದೆ ಹೋದಳು. ಅವಳೂ ಸಿಟ್ಟಿಗೆದ್ದಿದ್ದಾಳೆ, ಅದಕ್ಕೇ ಹೀಗೆ ಎಂದುಕೊಂಡೆ. ಕಳೆಯ ಜೊತೆ ನಾಲ್ಕು ಭತ್ತದ ಬುಡವನ್ನೂ ಕಿತ್ತಿದ್ದಳು. ನಾನೇ ಮತ್ತೆ ಊರಿದೆ.

ವಿಚಾರಣೆಯ ನೋಟೀಸು ಬಂತು. ಬಾಡಿಗೆ ಎತ್ತಿನವನನ್ನೂ ಕರೆದುಕೊಂಡು ಹೋಗೋಣ ಎಂದು ನಾನು ಚನ್ನವ್ವನ ಹತ್ತಿರ ಹೇಳಿದೆ. ಅವನು ಒಂದು ದಿನದ ದುಡಿಮೆ ಬಿಡುವವನಲ್ಲ, ಅವನ ಬೆನ್ನು ಹತ್ತಬೇಡ, ನಾನಿದ್ದೇನಲ್ಲ ಎಂದಳು. ಈ ಮಾತನ್ನು ಓದುವವರು ನೆನಪಿಡಿ. ನಿಂಗಪ್ಪನಿಗೆ ಮಾತ್ರ ಹೋಗಿ ಕೈಮುಗಿ, ಒಂದು ಮೊಳ ಮಣ್ಣಿಗಾಗಿ ಮೂರೂವರೆ ಎಕರೆ ಕಳೆದುಕೊಳ್ಳಬೇಡ ಎಂದೂ ಅಂದಳು.

ಹೋದೆ. ನಿಂಗಪ್ಪ ಬದುವಿನ ಮೇಲೆ ಕೂತು ಸವಣೂರಿನ ಎಲೆಗೆ ಸುಣ್ಣ ಸವರುತ್ತಿದ್ದ.

"ಏನು, ಮೊಳ ಬಿಟ್ಟುಕೊಡಾಕ ಬಂದಿಯೇನು?"

"ಹಾನಗಲ್ಲಿಗೆ ಹೊಂಟೀಯಂತ?"

"ಹೊಂಟೇನಿ. ಬಸ್ಸಿನ ಚಾರ್ಜು ಸಾವ್ಕಾರಂದ."

"ಏನ ಹೇಳ್ತಿ ಅಲ್ಲಿ?"

"ಇದ್ದದ್ದ ಹೇಳ್ತೇನಿ. ನಿಂದೆಲ್ಲಾ ಬಿಚ್ಚಿ ಹೇಳ್ತೇನಿ. ನನ್ನ ಬದು ತಿಂದದ್ದು, ನನ್ನ ನೀರು ತಿರುವಿದ್ದು, ಹೋದ ವರ್ಷ ನನ್ನ ಎಮ್ಮಿಗೆ ಕಲ್ಲು ಹೊಡದದ್ದು."

"ನಿನ್ನ ಎಮ್ಮಿ ನನ್ನ ಪೈರು ಮೇಯಾಕತ್ತಿತ್ತಲೋ ಮೂಳಾ!"

"ಅದನ್ನೂ ಹೇಳ್ತೇನಿ ಹೋಗ."

ಕೈಮುಗಿಯಲು ಹೋದವಳು ಬೈದು ಬಂದೆ. ಮನೆಗೆ ಬಂದ ಮೇಲೆ ಹೆದರಿಕೆಯಾಯಿತು. ಈ ಬಾಯಿಯಿಂದಲೇ ಹೊಲ ಹೋಯಿತು ಎಂದು ಅನ್ನಿಸಿ ಅವತ್ತು ಊಟ ಸೇರಲಿಲ್ಲ.

ವಿಚಾರಣೆಯ ದಿನ ಮುಂಜಾನೆಯಿಂದಲೇ ಮಳೆ. ಮಗಳನ್ನು ಚನ್ನವ್ವನ ಮನೆಯಲ್ಲಿ ಬಿಟ್ಟು, ನಾವಿಬ್ಬರೂ ಬಸ್ಸು ಹಿಡಿದು ಹಾನಗಲ್ಲಿಗೆ ಹೋದೆವು. ಬಸ್ಸಿನ ಸೂರು ಸೋರುತ್ತಿತ್ತು. ಚನ್ನವ್ವ ತನ್ನ ಸೆರಗಿನಿಂದ ನನ್ನ ತಲೆಯನ್ನೂ ಮುಚ್ಚಿ ಕುಂತಿದ್ದಳು. ಕಚೇರಿಯ ಪಡಸಾಲೆಯಲ್ಲಿ ಬುತ್ತಿ ಬಿಚ್ಚಿದೆ. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಅವಳಿಗೆ ಇಷ್ಟವೆಂದು ಎಣ್ಣೆಗಾಯಿ ಬದನೆಕಾಯಿ ಪಲ್ಯವನ್ನೂ ಮಾಡಿಕೊಂಡಿದ್ದೆ. ಎರಡು ರೊಟ್ಟಿ ತಿಂದಳು. ಮೂರನೆಯದನ್ನು ನಾನೇ ಒತ್ತಾಯ ಮಾಡಿ ಹಾಕಿದೆ. ಸಾಹೇಬರ ಮುಂದೆ ಸೋತ ದನಿಯಲ್ಲಿ ಮಾತಾಡಬಾರದಲ್ಲ, ಹೊಟ್ಟೆ ಗಟ್ಟಿಯಿರಲಿ ಎಂದು. ಅದನ್ನೂ ತಿಂದಳು.

ಒಳಗೆ ಕರೆದರು. ಉದ್ದ ಮೇಜಿನ ಆಚೆ ಸಾಹೇಬರು, ಇಬ್ಬರು ಸದಸ್ಯರು, ಮೂಲೆಯಲ್ಲಿ ಬರೆದುಕೊಳ್ಳುವ ಗುಮಾಸ್ತ. ಸಾವ್ಕಾರ ಕುರ್ಚಿಯ ಮೇಲೆ, ಅವನ ಕಾರಭಾರಿ ಹಿಂದೆ ನಿಂತು. ನಿಂಗಪ್ಪ ಗೋಡೆಗೆ ಆತುಕೊಂಡು ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದ. ನನ್ನನ್ನು ಕೇಳಿದರು, ಹೇಳಿದೆ. ನಿನ್ನ ಸಾಕ್ಷಿ ಯಾರು ಎಂದರು, ಚನ್ನವ್ವನನ್ನು ಮುಂದೆ ಮಾಡಿದೆ.

"ಈ ಹೊಲ ಯಾರು ಮಾಡುತ್ತಾರಮ್ಮ?" ಎಂದರು ಸಾಹೇಬರು.

ಚನ್ನವ್ವ ತಲೆಯ ಮೇಲೆ ಸೆರಗು ಎಳೆದುಕೊಂಡಳು. "ಸಾವ್ಕಾರ್ರದ್ರಿ."

"ಹೊಲ ಯಾರದು ಎಂದು ಕೇಳಲಿಲ್ಲ. ಮಾಡುವವರು ಯಾರು?"

"ಅವರ ಮಾಡಸ್ತಾರ್ರಿ. ಇಕಿ ಕೂಲಿಗೆ ಬರ್ತಾಳ್ರಿ. ನಾನೂ ಬರ್ತೇನ್ರಿ. ಪಗಾರ ಕೊಡ್ತಾರ್ರಿ."

ಮೊದಲು ನನಗೆ ಅರ್ಥವೇ ಆಗಲಿಲ್ಲ. ಬೇರೆ ಯಾರದೋ ಹೊಲದ ಮಾತು ಆಡುತ್ತಿದ್ದಾಳೆ ಅನ್ನಿಸಿತು. ಆಮೇಲೆ ತಿಳಿಯಿತು. "ಏ ಚನ್ನಿ, ನನ್ನ ಮಾರಿ ನೋಡಿ ಹೇಳ," ಎಂದು ಕೂಗಿದೆ. ಗುಮಾಸ್ತ ನನ್ನನ್ನು ಗದರಿಸಿದ. ಅವಳು ನೋಡಲಿಲ್ಲ. ಗುಮಾಸ್ತ ಬರೆದದ್ದಕ್ಕೆ ಹೆಬ್ಬೆಟ್ಟು ಒತ್ತಿ, ಬೆರಳಿನ ಮಸಿಯನ್ನು ತಲೆಗೂದಲಿಗೆ ಒರೆಸಿಕೊಳ್ಳುತ್ತ ಹೊರಗೆ ಹೋದಳು.

ನನ್ನ ಸಾಕ್ಷಿಯೇ ಹೀಗೆ ಹೇಳಿದ ಮೇಲೆ ಅವರ ಸಾಕ್ಷಿ ಇನ್ನೇನು ಹೇಳುತ್ತಾನೆ? ಸಾವ್ಕಾರ ಆರಾಮಾಗಿ ಕಾಲ ಮೇಲೆ ಕಾಲು ಹಾಕಿದ. ಕಾರಭಾರಿ ನಿಂಗಪ್ಪನ ಹೆಗಲು ತಟ್ಟಿ ಮುಂದೆ ಕಳಿಸಿ, ತಾನೇ ಕೇಳಿದ:

"ನಿಂಗಪ್ಪ, ಇಕಿ ಗುರುತೈತೇನು?"

"ಐತಲ್ಲ. ಇಕಿ ಗುರುತು ಯಾರಿಗಿಲ್ಲ?" ಎಂದ ನಿಂಗಪ್ಪ, ಒಳಜೇಬಿಗೆ ಕೈಹಾಕಿದ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಕಾಗದ ತೆಗೆದು ಮೇಜಿನ ಮೇಲೆ ಬಿಡಿಸಿ ಇಟ್ಟ. "ಮೊದಲ ಇದನ್ನ ನೋಡ್ರಿ ಸಾಹೇಬ್ರ. ಚಾವಡಿಗೆ ಕೊಟ್ಟು ಆರು ವರ್ಷ ಆತು, ಒಬ್ಬರೂ ನೋಡವಲ್ರು. ನೀವರ ನ್ಯಾಯ ಮಾಡ್ರಿ."

ಆಗ ನನಗೆ ತಿಳಿಯಿತು. ಈ ಪುಣ್ಯಾತ್ಮ ಇಷ್ಟು ದಿನ, ಸಾಹೇಬರು ಕೂತಿರುವುದು ತನ್ನ ಬದುವಿನ ನ್ಯಾಯಕ್ಕೆ ಎಂದುಕೊಂಡೇ ಬಂದಿದ್ದ!

ಸಾಹೇಬರು ಕಾಗದ ಎತ್ತಿ ಗಟ್ಟಿಯಾಗಿ ಓದಿದರು: "ನನ್ನ ಹೊಲದ ಪಡುವಣಕ್ಕೆ ಇರುವ ಸಾವ್ಕಾರರ ಹೊಲವನ್ನು ಲಾವಣಿಗೆ ಮಾಡುವ ದ್ಯಾಮವ್ವ ಎಂಬವಳು ನಡುವಿನ ಬದುವನ್ನು ನನ್ನ ಹೊಲಕ್ಕೆ ಸರಿಸಿ ಒಂದು ಮೊಳ ಒತ್ತುವರಿ ಮಾಡಿರುತ್ತಾಳೆ." ಓದುತ್ತಿದ್ದವರು ನಿಲ್ಲಿಸಿ, ಲಾವಣಿಗೆ ಮಾಡುವ ಎಂಬ ಮಾತಿನ ಮೇಲೆ ಬೆರಳಿಟ್ಟು, ಮತ್ತೆ ಮೊದಲಿನಿಂದ ಓದಿದರು. ಮುದ್ರೆ ನೋಡಿದರು.

"ಇದು ಆರು ವರ್ಷದ ಹಿಂದೆ ಕೊಟ್ಟದ್ದೋ?"

"ಹೌದ್ರಿ. ಅದಕ್ಕ ಮೊದಲ ಇಕಿ ಗಂಡ ತಿಂತಿದ್ದ. ಅಂವ ಸತ್ತ ಮ್ಯಾಲ ಇಕಿ ತಿನ್ನಾಕತ್ತಾಳ."

ಕಾರಭಾರಿ ಗಡಬಡಿಸಿ ಮುಂದೆ ಬಂದ. "ಏ ನಿಂಗಪ್ಪ, ಇದು ಬದುವಿನ ದಾವಾ ಅಲ್ಲೋ! ಇಕಿ ಕೂಲಿಯಾಕಿ ಅನ್ನೂದಷ್ಟ ಹೇಳು, ಮುಗೀತು."

ನಿಂಗಪ್ಪ ಅವನ ಕಡೆ ತಿರುಗಿದ. ಅವನ ಮುಖ ನಾನು ಬದುವಿನ ಮೇಲೆ ಎಷ್ಟೋ ಸಲ ನೋಡಿದ ಮುಖವೇ ಆಗಿತ್ತು.

"ಕೂಲಿಯಾಕಿ? ಕೂಲಿಯಾಕಿ ಜೋಡಿ ನಾ ಇಷ್ಟ ವರ್ಷ ಜಗಳಾಡೇನೇನು? ನನ್ನೇನ ಹುಚ್ಚ ಅಂತ ತಿಳದಿಯೇನ್ಲೇ? ಕೂಲಿಯವರು ಹೊತ್ತು ಮುಣುಗಿದ್ರ ಮನೀಗೆ ಹೋಗ್ತಾರ. ಮಂದಿ ಹೊಲದ ಬದುವಿಗೆ ಯಾರರ ಜೀವಾ ಬಿಡ್ತಾರೇನು? ಇಕಿ ನೋಡ್ರಿ ಸಾಹೇಬ್ರ, ಜಡಿಮಳಿಯಾಗ ಬಂದು ಸಲಿಕಿ ಸಲಿಕಿ ಮಣ್ಣು ನನ್ನ ಕಡೆ ಒತ್ತಾಳ. ಕೂಲಿಯಾಕಿ ಅಂತ!"

"ಹಾಗಾದರೆ ಬಿತ್ತುವವರು ಯಾರು?"

"ಇಕಿನ."

"ಕೊಯ್ಯುವವರು?"

"ಇಕಿನ್ರಿ. ಹೋದ ಸುಗ್ಗಿಯಾಗ ಕೊಯ್ಯುವಾಗ ನನ್ನ ಕಡೆ ಎರಡ ಸಾಲ ಹೆಚ್ಚಿಗಿ ಕೊಯ್ದಾಳ. ಬರಕೋರಿ ಅದನ್ನ."

"ಸಾವ್ಕಾರರು ಹೊಲಕ್ಕೆ ಬರುತ್ತಾರೋ?"

"ಒಂದ ಸಲ ಬಂದಿದ್ರು, ಮೊನ್ನೆ. ಛತ್ರಿ ಹಿಡ್ಕೊಂಡು. ನಮ್ಮ ಹೊಲ ಯಾವುದೋ ಅಂತ ನನ್ನ ಕೇಳಿದ್ರು."

ಸದಸ್ಯರಲ್ಲಿ ಒಬ್ಬರು ಬಾಯಿಗೆ ವಸ್ತ್ರ ಹಿಡಿದುಕೊಂಡರು. ಸಾವ್ಕಾರ ಕಾಲು ಕೆಳಗಿಳಿಸಿದ. ಮತ್ತೆ ಏನೇನೋ ಕೇಳಿದರು, ಬರೆದರು. ನಿಂಗಪ್ಪ ತನ್ನ ಎಮ್ಮೆಗೆ ನಾನು ಕಲ್ಲು ಹೊಡೆದದ್ದನ್ನು ಹೇಳಿದ, ಅದು ನನ್ನ ಪೈರು ಮೇಯುತ್ತಿದ್ದುದನ್ನೂ ಹೇಳಿದ. ಸಾಹೇಬರು ಅದನ್ನೂ ಬರೆಸಿದರು. ಮಧ್ಯಾಹ್ನದ ಮೇಲೆ ಕರೆದು, ಹೊಲ ನಾನೇ ಮಾಡುತ್ತಿರುವುದು ರುಜುವಾತಾಗಿದೆ, ಹಕ್ಕು ನನ್ನದು, ಕಾಗದ ಆಮೇಲೆ ಬರುತ್ತದೆ ಎಂದರು.

"ನನ್ನ ಬದುವಿಂದು?" ಎಂದ ನಿಂಗಪ್ಪ.

"ಅದು ನಮಗೆ ಬರುವುದಿಲ್ಲ."

"ಹಂಗಾರ ನಾ ಯಾಕ ಬಂದೆ ಇಲ್ಲಿಗೆ? ಒಂದ ದಿನದ ಕೆಲಸಾ ಬಿಟ್ಟು?" ಅವನ ಕೂಗಾಟಕ್ಕೆ ಸಿಪಾಯಿ ಬಂದು ಹೊರಗೆ ಕರೆದೊಯ್ದ.

ಚನ್ನವ್ವ ಪಡಸಾಲೆಯ ಕೊನೆಯಲ್ಲಿ ನಿಂತಿದ್ದಳು. ನನ್ನನ್ನು ಕಂಡು ಅಳಲು ಶುರು ಮಾಡಿದಳು.

"ದ್ಯಾಮಿ, ಸಿಟ್ಟಾಗಬ್ಯಾಡ. ಹೋದ ವಾರ ಸಾವ್ಕಾರ ನಮ್ಮ ಮನಿಯವರ್ನ ಕರದು, ನಿನ್ನ ಹೇಣ್ತಿ ಬಾಯಿ ಬಿಟ್ರ ನಾಳಿಂದ ಗಿರಣಿಗೆ ಬರಬ್ಯಾಡ ಅಂದ. ನಾ ಏನ ಮಾಡ್ಲಿ?"

"ಹೋದ ವಾರನ ಗೊತ್ತಿತ್ತೇನು?"

ಮಸಿ ಹತ್ತಿದ ಹೆಬ್ಬೆಟ್ಟನ್ನು ಸೆರಗಿಗೆ ಒರೆಸಿಕೊಂಡಳು.

"ಎತ್ತಿನವನ್ನ ಕರಿಯೂದು ಬ್ಯಾಡ ಅಂದ್ಯಲ್ಲ, ಆಗ ಗೊತ್ತಿತ್ತೇನು? ಮುಂಜಾನೆ ರೊಟ್ಟಿ ತಿನ್ನುವಾಗ ಗೊತ್ತಿತ್ತೇನು?"

"ಸಾವ್ಕಾರ ತಿಳ್ಕೊಳ್ಳಾಂವಲ್ಲ ದ್ಯಾಮಿ. ನೀ ನಮ್ಮಾಕಿ. ನೀ ತಿಳ್ಕೋತಿ ಅಂತ..."

ಇದನ್ನು ನಾನು ಇವತ್ತಿಗೂ ನುಂಗಿಲ್ಲ. ಹೆದರಿಕೆಯಿಂದ ಸುಳ್ಳು ಹೇಳಿದಳು, ಅದು ನನಗೆ ತಿಳಿಯುತ್ತದೆ. ಎರಡು ಮಕ್ಕಳ ತಾಯಿ, ಗಂಡನ ಕೆಲಸ ಹೋದರೆ ಒಲೆ ಹೊತ್ತುವುದಿಲ್ಲ. ಒಂದು ವಾರ ಮೊದಲು ಬಂದು, ನನ್ನಿಂದ ಆಗುವುದಿಲ್ಲ ದ್ಯಾಮಿ ಎಂದಿದ್ದರೆ ನಾನು ಹೋಗಲಿ ಬಿಡು ಎನ್ನುತ್ತಿದ್ದೆ. ಎತ್ತಿನವನ ಕಾಲು ಹಿಡಿದಾದರೂ ಕರೆದುಕೊಂಡು ಹೋಗುತ್ತಿದ್ದೆ. ಹೇಳಲಿಲ್ಲ. ಹೇಳಿದರೆ ನಾನು ಮುಖ ಗಂಟು ಹಾಕುತ್ತೇನೆ, ಅಷ್ಟನ್ನೂ ಅವಳು ತಾಳಿಕೊಳ್ಳಲು ತಯಾರಿರಲಿಲ್ಲ. ಅದಕ್ಕಾಗಿ ನನ್ನ ಬೇರೆ ದಾರಿಯನ್ನೂ ಮುಚ್ಚಿ, ನನ್ನನ್ನು ಬರಿಗೈಯಲ್ಲಿ ಸಾಹೇಬರ ಮುಂದೆ ನಿಲ್ಲಿಸಿದಳು. ಎಲ್ಲ ಮುಗಿದ ಮೇಲೆ ನಾನು ತಿಳಿದುಕೊಳ್ಳಬೇಕಂತೆ! ಯಾಕೆ ತಿಳಿದುಕೊಳ್ಳಬೇಕು? ಗೆಳತಿ ಎಂಬ ತಪ್ಪಿಗೋ?

ನಾನು ನೋಡಿದ್ದೇನೆ. ಜನ ವೈರಿಯ ಜೊತೆ ಎಚ್ಚರದಿಂದ ಇರುತ್ತಾರೆ. ಅವನ ಬದು ಎಲ್ಲಿದೆ, ಅವನು ಏನು ಹೇಳಿಯಾನು, ಯಾವ ಮಾತಿಗೆ ಕೆರಳಿಯಾನು, ಎಲ್ಲ ಲೆಕ್ಕವಿಡುತ್ತಾರೆ. ಬೇಕಾದವರ ವಿಷಯಕ್ಕೆ ಬಂದಾಗ ಕಣ್ಣು ಮುಚ್ಚಿ ಕಾಲು ಇಡುತ್ತಾರೆ. ಇದು ನಮ್ಮದೇ ಅಲ್ಲವೇ, ತುಳಿದರೂ ಸುಮ್ಮನಿರುತ್ತದೆ ಎಂದು. ಸಾವ್ಕಾರನೂ ಅದೇ ಎಡವಟ್ಟು ಮಾಡಿದ, ನಾನೂ ಮಾಡಿದೆ. ಅವನು ನನ್ನ ವೈರಿಯನ್ನು ತನ್ನ ಮನುಷ್ಯ ಎಂದುಕೊಂಡ. ನಾನು ನನ್ನ ಗೆಳತಿಯನ್ನು ನನ್ನ ಮನುಷ್ಯ ಎಂದುಕೊಂಡೆ. ನಿಂಗಪ್ಪ ಮಾತ್ರ ಯಾರ ಮನುಷ್ಯನೂ ಅಲ್ಲ, ತನ್ನ ಮೊಳದ ಮನುಷ್ಯ. ಆ ಮೊಳಕ್ಕಾಗಿ ಅವನು ಇಡೀ ಕಚೇರಿಯ ಎದುರು ನನ್ನನ್ನು ಕೂಲಿಯವಳಾಗಲು ಬಿಡಲಿಲ್ಲ. ನಾನು ಕೂಲಿಯವಳಾದರೆ ಅವನು ಆರು ವರ್ಷ ಜಗಳವಾಡಿದ್ದು ಗಾಳಿಯ ಜೊತೆ ಆದಂತೆ. ಅಷ್ಟು ಸಣ್ಣವನಾಗಲು ಅವನು ತಯಾರಿರಲಿಲ್ಲ.

ಸಂಜೆಯ ಬಸ್ಸಿನಲ್ಲಿ ಚನ್ನವ್ವ ಹಿಂದೆ ಕುಂತಳು. ನಾನು ಮುಂದೆ. ನಿಂಗಪ್ಪ ನನ್ನ ಮುಂದಿನ ಸೀಟಿನಲ್ಲಿ ಬೆನ್ನು ಹಾಕಿ ಕುಂತ. ಅಕ್ಕಿಆಲೂರು ದಾಟಿದ ಮೇಲೆ ಕಿಟಕಿಗೆ ಹೇಳುವವನಂತೆ ಹೇಳಿದ:

"ಗೆದ್ದೆ ಅಂತ ಹಿಗ್ಗಬ್ಯಾಡ. ಇನ್ನ ಹೊಲ ನಿಂದ ಆತು. ಇನ್ನ ನಿನ್ನ ಮ್ಯಾಲ ಖರೇ ದಾವಾ ಹಾಕ್ತೇನಿ."

"ಹಾಕಪ್ಪ. ಯಾರು ಬ್ಯಾಡ ಅಂದ್ರು?"

"ಮೊದಲಾಗಿದ್ರ ಸಾವ್ಕಾರನ ಮ್ಯಾಲ ಹಾಕಬೇಕಿತ್ತು. ಅಂವನ ಜೋಡಿ ಕೋರ್ಟು ತಿರಗಾಕ ನಮ್ಮಂಥವರಿಗೆ ಎಲ್ಲಿ ಆಗತೈತಿ. ನೀ ಆದ್ರ ಚಲೋ."

ಕಂಡಕ್ಟರ್ ನಕ್ಕ. ನನಗೂ ನಗು ಬಂತು, ತೋರಿಸಲಿಲ್ಲ. ಅವನು ಇದನ್ನು ಮೊದಲೇ ಯೋಚಿಸಿದ್ದನೋ, ಬಸ್ಸಿನಲ್ಲಿ ಕುಂತ ಮೇಲೆ ಹೊಳೆಯಿತೋ ನನಗೆ ಗೊತ್ತಿಲ್ಲ. ಉಪಕಾರವಾಯಿತು ಎಂದು ನಾನು ಹೇಳಲಿಲ್ಲ. ಹೇಳಿದ್ದರೆ ಅಲ್ಲೇ ಮೊಳ ಕೇಳುತ್ತಿದ್ದ. ಎಂಬತ್ತರ ದಶಕದಲ್ಲಿ ಹಿರೇಕೆರೂರಿನ ಒಬ್ಬ ವಕೀಲನನ್ನು ಹಿಡಿದು ನನಗೆ ನೋಟೀಸು ಕಳಿಸಿಯೂ ಕಳಿಸಿದ. ನಿಜ ಹೇಳಬೇಕೆಂದರೆ ಒಂದು ಗೇಣು ಅವನದೇ ಇತ್ತು. ಸಾಯುವ ಮೊದಲು ನನ್ನ ಗಂಡ ನನಗೆ ಹೇಳಿದ್ದ. ಮೊಳವಂತೂ ಅಲ್ಲ. ಮೊಳ ಎನ್ನುವುದನ್ನು ಅವನು ಬಿಡಲಿಲ್ಲ, ಗೇಣು ಕೊಡುವುದಕ್ಕೆ ನನಗೂ ಮನಸ್ಸಾಗಲಿಲ್ಲ. ತಂಗಿ ಎಂದು ತಿಳಿದು ಕಾಪಾಡಿದನಂತೆ, ಹೇಳುವವರ ಬಾಯಿಗೆ ಇಷ್ಟು ಮಣ್ಣು.

ಮರುದಿನ ಬೆಳಿಗ್ಗೆ ಮಳೆ ನಿಂತು ಹೊಳವಾಗಿತ್ತು. ನಾನು ಮೊಸರು ಕಡೆಯುತ್ತಿದ್ದಾಗ ಹಿತ್ತಲ ಕಡೆಯಿಂದ ಚನ್ನವ್ವ ಬಂದಳು. ಕೈಯಲ್ಲಿ ಮಜ್ಜಿಗೆಯ ಗಡಿಗೆ. ದಿನಾ ಬರುವವಳೇ, ದಿನಾ ಒಲೆಯ ಮುಂದೆ ನನ್ನ ಪಕ್ಕದಲ್ಲೇ ಕುಂದರುವವಳು. ಕಣ್ಣು ಊದಿಕೊಂಡಿದ್ದವು. ನಾನು ಕಡಗೋಲು ಬಿಟ್ಟು ಎದ್ದು ಪಡಸಾಲೆಗೆ ಹೋದೆ. ಅಟ್ಟದಿಂದ ಜಮಖಾನ ಇಳಿಸಿ, ಝಾಡಿಸಿ ಹಾಸಿದೆ. ತಂಬಿಗೆಯಲ್ಲಿ ನೀರು ತಂದು ಮುಂಬಾಗಿಲ ಹತ್ತಿರ ಇಟ್ಟೆ.

"ಏನ ಮಾಡಾಕತ್ತಿ ದ್ಯಾಮಿ? ಒಳಗ ಕುಂದರ್ತೇನಿ ತಗೋ."

"ಬ್ಯಾಡ್ರಿ. ಕಾಲಿಗೆ ನೀರ ತಗೊಂಡು ಇಲ್ಲೇ ಮ್ಯಾಲ ಕುಂದರ್ರಿ."

ಅವಳು ನಿಂತೇ ಇದ್ದಳು. ಆಮೇಲೆ ಕಾಲು ತೊಳೆದು ಜಮಖಾನದ ಅಂಚಿಗೆ ಕುಂತಳು. ತಲಾಟಿಯಂಥ ಸರಕಾರಿ ಮನುಷ್ಯ ಬಂದರೆ ಇರಲಿ ಎಂದು ಇಟ್ಟಿದ್ದ ಕಪ್ಪು, ಬಸಿ ಎರಡನ್ನೂ ತೊಳೆದು ಚಹಾ ಮಾಡಿ ಕೊಟ್ಟೆ. ಎದುರಿಗೆ ಕುಂತು, ನಿಮ್ಮ ಮನೆಯವರು ಹೇಗಿದ್ದಾರೆ, ಮಳೆ ಹೇಗೆ, ಬೆಳೆ ಹೇಗೆ ಎಂದು ಕೇಳಿದೆ. ಅವಳು ಕಪ್ಪಿಗೆ ಕೈ ಹಚ್ಚಲಿಲ್ಲ. ಚಹಾದ ಮೇಲೆ ಕೆನೆ ಕಟ್ಟಿತು. ತಟ್ಟೆಯಲ್ಲಿ ಎಲೆ ಅಡಿಕೆ ತಂದಿಟ್ಟೆ. ಗಡಿಗೆ ತುಂಬ ಮಜ್ಜಿಗೆ ಹಾಕಿ, ಮುಂಬಾಗಿಲತನಕ ಹೋಗಿ ಕಳಿಸಿಕೊಟ್ಟೆ.

ಬಾಗಿಲು ಹಾಕಿ, ತಣ್ಣಗಾದ ಚಹಾ ಕಲಗಚ್ಚಿಗೆ ಸುರಿದೆ, ಜಮಖಾನ ಮಡಿಚಿ ಅಟ್ಟಕ್ಕೆ ಹಾಕಿದೆ. ಮಗಳಿಗೆ ರೊಟ್ಟಿ ಕೊಟ್ಟು, ಕುರ್ಪಿ ತೆಗೆದುಕೊಂಡು ಹೊಲಕ್ಕೆ ಹೋದೆ. ಅವತ್ತು ಮುಯ್ಯಿಯಲ್ಲಿ ಚನ್ನವ್ವ ನನ್ನ ಹೊಲಕ್ಕೆ ಬರುವ ಪಾಳಿ. ಅವಳು ಹಿಡಿಯಬೇಕಾದ ಸಾಲನ್ನೂ ನನ್ನ ಸಾಲಿನ ಜೊತೆಗೆ ಹಿಡಿದು, ಹೊತ್ತು ಮುಳುಗುವುದರೊಳಗೆ ಒಬ್ಬಳೇ ಕಳೆ ತೆಗೆದು ಮುಗಿಸಿದೆ.